ಪರಮಗೀತ: ದೇವರ ಹೆಸರೇ ಬರದ ಪ್ರೇಮಪದ್ಯ ಬೈಬಲ್ ಒಳಗೆ ಹೇಗೆ ಉಳೀತು

ಬೈಬಲ್ ಅಂದ ತಕ್ಷಣ ನಮ್ಮಲ್ಲಿ ಬಹಳ ಜನಕ್ಕೆ ನೆನಪಾಗೋದು ಹತ್ತು ಆಜ್ಞೆಗಳು, ನೋಹನ ನಾವೆ, ಯೇಸುವಿನ ಶಿಲುಬೆ, ಇಂಥವೇ. ಅದೇ ಗ್ರಂಥದಲ್ಲಿ ಪ್ರಸಂಗಿ ಅನ್ನೋ ಪುಸ್ತಕ ಮುಗಿದ ಮೇಲೆ ಎಂಟು ಅಧ್ಯಾಯದ ಒಂದು ಪುಟ್ಟ ಪುಸ್ತಕ ಬರುತ್ತೆ, ಕನ್ನಡದಲ್ಲಿ ಅದರ ಹೆಸರು ಪರಮಗೀತ, ಒಟ್ಟು 117 ವಚನ, ಕೂತು ಓದಿದ್ರೆ ಅರ್ಧ ಗಂಟೆ ಸಾಕು. ಶೀರ್ಷಿಕೆಯ ಸಾಲು ದಾಟಿದ ಕೂಡಲೇ ಒಬ್ಬ ಹೆಣ್ಣಿನ ದನಿ ಕೇಳ್ಸುತ್ತೆ, ಅವನು ನನಗೆ ಮುತ್ತಿನ ಮೇಲೆ ಮುತ್ತು ಕೊಡಲಿ, ನಿನ್ನ ಪ್ರೀತಿ ದ್ರಾಕ್ಷಾರಸಕ್ಕಿಂತ ಚೆನ್ನ, ಅಂತ. ಪೀಠಿಕೆ ಇಲ್ಲ, ದೇವರ ಸ್ತುತಿ ಇಲ್ಲ, ಇವಳ್ಯಾರು ಅವನ್ಯಾರು ಅಂತ ಪರಿಚಯನೂ ಇಲ್ಲ. ಅಲ್ಲಿಂದ ಕೊನೆವರೆಗೂ ಇಬ್ಬರು ಒಬ್ಬರನ್ನೊಬ್ಬರು ಹುಡುಕ್ತಾರೆ, ಹೊಗಳ್ತಾರೆ, ಕಳ್ಕೊಳ್ತಾರೆ, ಮತ್ತೆ ಸಿಗ್ತಾರೆ. ಅವರಿಗೆ ಮದುವೆ ಆಗಿದೆಯಾ ಇಲ್ವಾ ಅನ್ನೋದೂ ಸ್ಪಷ್ಟ ಇಲ್ಲ. ಉಪದೇಶ ಒಂದೂ ಇಲ್ಲ, ದೇವರ ಹೆಸರು ನೇರವಾಗಿ ಎಲ್ಲೂ ಬರಲ್ಲ.

ಇದು ಧರ್ಮಗ್ರಂಥದೊಳಗೆ ಹೇಗೆ ಬಂತು ಅಂತ ಕೇಳಿದ್ರೆ ಸಾಮಾನ್ಯವಾಗಿ ಎರಡು ಉತ್ತರ ಸಿಗುತ್ತೆ. ಒಂದು, ಇದು ಶೃಂಗಾರನೇ ಅಲ್ಲ, ಜೀವಾತ್ಮ ಪರಮಾತ್ಮರ ಸಂಬಂಧ, ಮುತ್ತು ಅಪ್ಪುಗೆ ಎಲ್ಲಾ ಸಂಕೇತ ಅಷ್ಟೇ. ಇನ್ನೊಂದು, ಇದು ಪೂರ್ತಿ ಶೃಂಗಾರ, ಧರ್ಮಗುರುಗಳು ನಾಚಿಕೆಗೆ ಮೇಲೊಂದು ಭಕ್ತಿಯ ಬಟ್ಟೆ ಹೊದಿಸಿದ್ರು. ನನಗೆ ಎರಡರಲ್ಲೂ ಸಮಾಧಾನ ಇಲ್ಲ. ಪದ್ಯ ಓದ್ತಾ ಓದ್ತಾ, ಅದನ್ನ ಓದಿದವರ ಚರಿತ್ರೆನೂ ಓದ್ತಾ ಹೋದ್ರೆ ಕಾಣೋದು ಬೇರೆ: ಇದನ್ನ ದೇವರ ಪ್ರೀತಿ ಅಂತ ಓದಿದವರಿಗೂ ಇದರೊಳಗಿನ ಆಸೆ ನಿಜವಾದ ಆಸೆನೇ ಆಗಿರಬೇಕಿತ್ತು, ಅದು ಬಿಸಿ ಇಲ್ಲದ ಸಂಕೇತ ಆಗಿದ್ದಿದ್ರೆ ಅವರಿಗೆ ಅದು ಯಾವ ಉಪಯೋಗಕ್ಕೂ ಬರ್ತಿರಲಿಲ್ಲ. ಈ ಮಾತನ್ನೇ ಸ್ವಲ್ಪ ಬಿಡಿಸಿ ಹೇಳ್ತೀನಿ.

ಮೊದಲು ಕಾಲ. ಶೀರ್ಷಿಕೆಯಲ್ಲಿ ಸೊಲೊಮೋನನ ಹೆಸರಿದೆ, ಅವನು ಕ್ರಿಸ್ತಪೂರ್ವ 10ನೇ ಶತಮಾನದ ರಾಜ ಅಂತ ಲೆಕ್ಕ. ಆದ್ರೆ ಪದ್ಯದ ಹೀಬ್ರೂ ಅಷ್ಟು ಹಳೇದಲ್ಲ, ತೋಟಕ್ಕೆ ಒಂದು ಕಡೆ ಪರ್ಷಿಯನ್ ಮೂಲದ ಪದ ಬಳಸಿದ್ದಾರೆ, ಪರ್ಷಿಯನ್ನರ ಆಳ್ವಿಕೆ ಆ ಕಡೆ ಬಂದಿದ್ದು ಸೊಲೊಮೋನ ಹೋಗಿ ನಾಲ್ಕು ಶತಮಾನದ ಮೇಲೆ, ಅದಕ್ಕೇ ಈಗಿರೋ ರೂಪ ಕ್ರಿಸ್ತಪೂರ್ವ 5ರಿಂದ 3ನೇ ಶತಮಾನದ ಒಳಗಿನದು ಅಂತ ಬಹಳ ವಿದ್ವಾಂಸರು ಹೇಳ್ತಾರೆ. ಒಳಗೆ ಅದಕ್ಕಿಂತ ಹಳೆಯ ಹಾಡುಗಳು ಸೇರಿರಬಹುದು. ಮೃತ ಸಮುದ್ರದ ಪಕ್ಕ ಕುಮ್ರಾನ್ ಗುಹೆಗಳಲ್ಲಿ ಇದರ ನಾಲ್ಕು ಪ್ರತಿಗಳ ಚೂರುಗಳು ಸಿಕ್ಕಿವೆ, ಅಂದ್ರೆ ಎರಡು ಸಾವಿರ ವರ್ಷದ ಹಿಂದೆ ಕಟ್ಟುನಿಟ್ಟಾಗಿ ಬದುಕ್ತಿದ್ದ ಧಾರ್ಮಿಕ ಜನಾನೂ ಇದನ್ನ ನಕಲು ಮಾಡಿ ಇಟ್ಕೊಂಡಿದ್ರು.

ಇನ್ನು ಮಾತಾಡೋರು. ಒಬ್ಬ ಹುಡುಗಿ, ಒಬ್ಬ ಹುಡುಗ, ಯೆರೂಸಲೇಮಿನ ಹೆಣ್ಣುಮಕ್ಕಳ ಒಂದು ಗುಂಪು. ಅರ್ಧಕ್ಕಿಂತ ಜಾಸ್ತಿ ಮಾತು ಅವಳದ್ದೇ. ಅಷ್ಟು ಹಳೆಯ ಗ್ರಂಥದಲ್ಲಿ, ಉಳಿದ ಕಡೆ ಹೆಚ್ಚಾಗಿ ಗಂಡಸರೇ ಮಾತಾಡೋ ಗ್ರಂಥದಲ್ಲಿ, ಇದು ಸಣ್ಣ ವಿಷಯ ಅಲ್ಲ. ಅವಳು ಅರಮನೆಯ ಹುಡುಗಿ ಥರ ಕಾಣಲ್ಲ. ನಾನು ಕಪ್ಪಗಿದ್ದೀನಿ, ಚೆಲುವೆ ಇದ್ದೀನಿ, ಬಿಸಿಲು ನನ್ನನ್ನ ಸುಟ್ಟಿದೆ, ನನ್ನ ಅಣ್ಣತಮ್ಮಂದಿರು ನನ್ನ ಮೇಲೆ ಸಿಟ್ಟಾಗಿ ದ್ರಾಕ್ಷಿ ತೋಟ ಕಾಯೋಕೆ ಹಾಕಿದ್ರು, ನನ್ನ ತೋಟವನ್ನೇ ನಾನು ಕಾಯ್ಕೊಳ್ಳಲಿಲ್ಲ, ಅಂತಾಳೆ. ಬೇರೆಯವರ ತೋಟ ನಿಜವಾದ ತೋಟ, ತನ್ನ ತೋಟ ಅಂದ್ರೆ ತಾನೇ, ಕೇಳೋರಿಗೆ ಇದು ಅರ್ಥ ಆಗುತ್ತೆ ಅಂತ ಅವಳಿಗೆ ಗೊತ್ತು. ತಪ್ಪು ಮಾಡ್ದೆ ಅಂತ ಅವಳು ಅಳ್ತಾ ಇಲ್ಲ, ಮುಚ್ಚಿಡ್ತಾನೂ ಇಲ್ಲ. ಅಪ್ಪನ ಮಾತು ಇಡೀ ಪದ್ಯದಲ್ಲಿ ಬರಲ್ಲ, ತಾಯಿ ಮಾತ್ರ ಬರ್ತಾಳೆ, ನಲ್ಲ ಸಿಕ್ಕ ರಾತ್ರಿ ಅವಳು ಅವನನ್ನ ಕರ್ಕೊಂಡು ಹೋಗೋದೂ ತಾಯಿಯ ಮನೆಗೆ, ತಾಯಿಯ ಕೋಣೆಗೆ.

ಐದನೇ ಅಧ್ಯಾಯದ ಬಾಗಿಲಿನ ಭಾಗವನ್ನ ಸ್ವಲ್ಪ ನಿಧಾನಕ್ಕೆ ನೋಡೋಣ, ಯಾಕಂದ್ರೆ ಇಡೀ ಪುಸ್ತಕದ ಜೀವ ಅಲ್ಲಿದೆ ಅಂತ ನನಗನ್ಸುತ್ತೆ. ನಾನು ಮಲಗಿದ್ದೆ, ನನ್ನ ಮನಸ್ಸು ಎಚ್ಚರ ಇತ್ತು, ಅಂತ ಶುರು ಮಾಡ್ತಾಳೆ. ಅವನು ಬಾಗಿಲು ತಟ್ಟತಾನೆ, ತೆಗಿ, ನನ್ನ ತಲೆಯೆಲ್ಲಾ ಇಬ್ಬನಿಯಲ್ಲಿ ತೊಯ್ದುಹೋಗಿದೆ, ಅಂತಾನೆ. ಇವಳು ಒಳಗಿಂದ ಹೇಳೋ ಮಾತು ನೋಡಿ: ನಾನು ಬಟ್ಟೆ ತೆಗೆದಾಗಿದೆ, ಮತ್ತೆ ಹೇಗೆ ಹಾಕ್ಕೊಳ್ಳಲಿ, ಕಾಲು ತೊಳ್ಕೊಂಡಿದ್ದೀನಿ, ಮತ್ತೆ ಹೇಗೆ ಕೊಳೆ ಮಾಡ್ಕೊಳ್ಳಲಿ. ಪ್ರೀತಿಸೋರ ಮಧ್ಯೆ ಮಾತ್ರ ನಡಿಯೋ ಬಿಗುಮಾನ ಇದು, ಬೇಡ ಅಂತಲೂ ಅಲ್ಲ, ತಕ್ಷಣ ಎದ್ದು ಬರ್ತೀನಿ ಅಂತಲೂ ಅಲ್ಲ. ಅವನು ಬಾಗಿಲ ಸಂದಿಯಲ್ಲಿ ಕೈ ಹಾಕ್ತಾನೆ, ಅಷ್ಟಕ್ಕೇ ಅವಳ ಹೊಟ್ಟೆಯೊಳಗೆಲ್ಲಾ ಕಲಕಿದ ಹಾಗಾಗುತ್ತೆ, ಎದ್ದು ಬರ್ತಾಳೆ, ಚಿಲಕದ ಮೇಲೆ ಇಟ್ಟ ಅವಳ ಬೆರಳಿಂದ ರಸಗಂಧದ ಎಣ್ಣೆ ತೊಟ್ಟಿಕ್ಕುತ್ತೆ. ಬಾಗಿಲು ತೆಗೀತಾಳೆ. ಅವನಿಲ್ಲ. ಹೋಗಿಬಿಟ್ಟಿದ್ದಾನೆ.

ಆಮೇಲೆ ಅವಳು ರಾತ್ರೋರಾತ್ರಿ ಊರಲ್ಲಿ ಹುಡುಕ್ತಾಳೆ, ಊರು ಕಾಯೋ ಕಾವಲುಗಾರರು ಅವಳನ್ನ ಹಿಡಿದು ಹೊಡೀತಾರೆ, ಗಾಯ ಮಾಡ್ತಾರೆ, ಮೇಲಿನ ಹೊದಿಕೆ ಕಿತ್ಕೊಳ್ತಾರೆ. ಇದೇ ಕಾವಲುಗಾರರು ಮೂರನೇ ಅಧ್ಯಾಯದಲ್ಲೂ ಸಿಗ್ತಾರೆ, ಆಗ ಏನೂ ಮಾಡಲ್ಲ, ಅವಳು ಕೇಳ್ತಾಳೆ, ದಾಟಿ ಹೋಗ್ತಾಳೆ, ಅವನು ಸಿಗ್ತಾನೆ. ಎರಡನೇ ಸಲ ಅದೇ ಹುಡುಕಾಟಕ್ಕೆ ಏಟು ಬೀಳುತ್ತೆ. ಯಾಕೆ ಅಂತ ಕವಿ ವಿವರಿಸಲ್ಲ, ಕಾವಲುಗಾರರಿಗೆ ಬೈಯ್ಯೋದೂ ಇಲ್ಲ, ಅವಳಿಗೆ ಬುದ್ಧಿ ಹೇಳೋದೂ ಇಲ್ಲ, ಬರೀ ನಡೆದಿದ್ದು ಹೇಳ್ತಾರೆ. ಅವಳು ಅಳೋಕೆ ಕೂರಲ್ಲ, ಗೆಳತಿಯರ ಕಡೆ ತಿರುಗಿ, ಅವನು ನಿಮಗೇನಾದ್ರೂ ಸಿಕ್ಕಿದ್ರೆ ನಾನು ಪ್ರೀತಿಯಿಂದ ಕಾಯಿಲೆ ಬಿದ್ದಿದ್ದೀನಿ ಅಂತ ಹೇಳಿ, ಅಂತಾಳೆ. ಈ ಪ್ರೇಮಪದ್ಯ ಬರೀ ಸುಖದ ಪದ್ಯ ಅಂದ್ಕೊಂಡೋರು ಈ ಏಳು ವಚನ ಓದ್ಬೇಕು, ಆಸೆ ಪಡೋ ಹೆಣ್ಣಿಗೆ ಊರು ಏನು ಮಾಡುತ್ತೆ ಅನ್ನೋದನ್ನೂ ಇದು ಒಳಗೆ ಇಟ್ಕೊಂಡಿದೆ.

ಗಮನಿಸಬೇಕಾದ ಇನ್ನೊಂದು ವಿಷಯ ಇದೆ. ಇದು ಎಚ್ಚರದಲ್ಲಿ ನಡೀತಾ ಕನಸಲ್ಲಿ ನಡೀತಾ ಅಂತ ಗೊತ್ತಾಗಲ್ಲ, ಮತ್ತೆ ಅವಳು ಇದನ್ನ ಹೇಳ್ತಿರೋದು ಹೆಣ್ಣುಮಕ್ಕಳಿಗೆ. ಇದೇ ಎರಡು ವಿಷಯ ನಮ್ಮ ಕಡೆ ಭಕ್ತಿ ಕಾವ್ಯದಲ್ಲೂ ಒಟ್ಟಿಗೆ ಬರುತ್ತೆ, ಯಾವ ಸಂಪರ್ಕನೂ ಇಲ್ಲದೆ. ತಮಿಳಿನ ಭಕ್ತ ಕವಿ ಆಂಡಾಳ್ ತನ್ನ ನಾಚ್ಚಿಯಾರ್ ತಿರುಮೊಳಿ ಅನ್ನೋ ಪದ್ಯಗಳಲ್ಲಿ ವಿಷ್ಣುವಿನ ಜೊತೆ ತನ್ನ ಮದುವೆಯನ್ನ ಕನಸಲ್ಲಿ ಕಂಡಿದ್ದು ಹೇಳ್ತಾಳೆ, ಹೆಚ್ಚುಕಮ್ಮಿ ಪ್ರತಿ ಪದ್ಯದ ಕೊನೆಗೂ ಕನಸು ಕಂಡೆ ಕಣೇ ಗೆಳತಿ ಅನ್ನೋ ಮಾತು, ಅಯ್ಯಂಗಾರ್ ಮದುವೆಗಳಲ್ಲಿ ವಾರಣಮಾಯಿರಂ ಅಂತ ಈಗಲೂ ಅದನ್ನ ಹೇಳ್ತಾರೆ. 12ನೇ ಶತಮಾನದಲ್ಲಿ ಅಕ್ಕಮಹಾದೇವಿ, ಅಕ್ಕ ಕೇಳೌ, ನಾನೊಂದು ಕನಸ ಕಂಡೆ ಅಂತ ಶುರು ಮಾಡಿ, ಭಿಕ್ಷಕ್ಕೆ ಬಂದ ಗೊರವ ಮೀರಿ ಹೋಗ್ತಿದ್ದಾಗ ಬೆಂಬತ್ತಿ ಕೈ ಹಿಡಿದೆ ಅಂತಾಳೆ. ಕನಸು, ಮತ್ತೆ ಕೇಳೋಕೆ ಒಬ್ಬ ಗೆಳತಿ. ಹಗಲಲ್ಲಿ, ಮನೆಯವರ ಮುಂದೆ, ಗಂಡಸರ ಸಭೆಯಲ್ಲಿ ಹೇಳಕ್ಕಾಗದ ಆಸೆಯನ್ನ ಹೆಣ್ಣು ಹೇಳ್ಕೊಳ್ಳೋಕೆ ಈ ಎರಡು ಇದ್ರೆ ಸಾಕು ಅಂತ ಕಾಣುತ್ತೆ, ದೇಶ ಬೇರೆ ಕಾಲ ಬೇರೆ ದೇವರು ಬೇರೆ ಆದ್ರೂ.

ಈಗ ಉಪಮೆಗಳಿಗೆ ಬರ್ತೀನಿ, ಹೊಸದಾಗಿ ಓದೋರು ಮುಗ್ಗರಿಸೋದು ಇಲ್ಲೇ. ನಿನ್ನ ಕೂದಲು ಗಿಲ್ಯಾದ್ ಬೆಟ್ಟದಿಂದ ಇಳಿದು ಬರೋ ಮೇಕೆ ಹಿಂಡು, ನಿನ್ನ ಹಲ್ಲು ಉಣ್ಣೆ ಕತ್ತರಿಸಿ ತೊಳೆದು ಮೇಲೆ ಬಂದ ಕುರಿಗಳು, ಎಲ್ಲದಕ್ಕೂ ಜೋಡಿ ಇದೆ, ಒಂದೂ ಕಳೆದಿಲ್ಲ, ನಿನ್ನ ಕತ್ತು ದಾವೀದನ ಗೋಪುರ, ಸಾವಿರ ಗುರಾಣಿ ನೇತುಹಾಕಿದೆ. ನಮ್ಮ ಕಾವ್ಯದ ಚಂದ್ರಮುಖಿ ಕಮಲಾಕ್ಷಿಗೆ ಒಗ್ಗಿದ ಕಿವಿಗೆ ಇದು ವಿಚಿತ್ರ. ಆದ್ರೆ ಇಲ್ಲಿ ಕವಿ ಆಕಾರ ಅಳೀತಾ ಇಲ್ಲ, ಚಲನೆ ತೋರಿಸ್ತಾ ಇದ್ದಾನೆ. ಅಲ್ಲಿನ ಮೇಕೆಗಳು ಕಪ್ಪು, ಚಿತ್ರದುರ್ಗದ ಕಡೆ ಸಂಜೆ ಹೊತ್ತು ಗುಡ್ಡದ ಓರೆಯಲ್ಲಿ ಮಂದೆ ಒಟ್ಟಾಗಿ ಕೆಳಗಿಳಿಯೋದನ್ನ ದೂರದಿಂದ ನೋಡಿದ್ರೆ ಈ ಸಾಲು ತಾನಾಗೇ ಬಿಚ್ಕೊಳ್ಳುತ್ತೆ, ಅದು ಒಂದೊಂದು ಮೇಕೆ ಥರ ಕಾಣಲ್ಲ, ಹರಿಯೋ ಕಪ್ಪು ಥರ ಕಾಣುತ್ತೆ. ಗೋಪುರದ ಕತ್ತೂ ಹಾಗೇ, ಉದ್ದ ಅಂತ ಮಾತ್ರ ಅಲ್ಲ, ಸುಲಭಕ್ಕೆ ಬಗ್ಗದ ಕತ್ತು, ಕೈಗೆ ಸಿಗದ ಕತ್ತು. ಹೊಗಳಿಕೆ ಒಂದೇ ಕಡೆಯಿಂದಲೂ ಇಲ್ಲ, ಅವಳೂ ಅವನನ್ನ ತಲೆಯಿಂದ ಕಾಲವರೆಗೂ ವರ್ಣಿಸ್ತಾಳೆ, ತಲೆ ಚಿನ್ನ, ಕೂದಲು ಕಾಗೆಯಷ್ಟು ಕಪ್ಪು, ಕಾಲು ಅಮೃತಶಿಲೆಯ ಕಂಬ, ಬಾಯಿ ಬಲು ಸಿಹಿ, ಇವನೇ ನನ್ನ ನಲ್ಲ ಇವನೇ ನನ್ನ ಗೆಳೆಯ ಅಂತ ಮುಗಿಸ್ತಾಳೆ.

ಇನ್ನು ವಾಸನೆ. ನನಗೆ ಗೊತ್ತಿರೋ ಮಟ್ಟಿಗೆ ಬೈಬಲ್‌ನ ಬೇರೆ ಯಾವ ಪುಸ್ತಕನೂ ಇಷ್ಟು ಘಮ ಘಮ ಅನ್ನಲ್ಲ. ಅವನು ಅವಳನ್ನ ಬೇಲಿ ಹಾಕಿದ ತೋಟ, ಮುದ್ರೆ ಒತ್ತಿದ ಬುಗ್ಗೆ ಅಂತ ಕರೆದು ಆ ತೋಟದಲ್ಲಿ ಬೆಳೆಯೋದನ್ನೆಲ್ಲಾ ಹೇಳ್ತಾನೆ, ದಾಳಿಂಬೆ, ಗೋರಂಟಿ, ಕೇಸರಿ, ಬಜೆ, ದಾಲ್ಚಿನ್ನಿ, ರಸಗಂಧ, ಅಗರು, ಜಟಾಮಾಂಸಿ. ಮೃತ ಸಮುದ್ರದ ಪಶ್ಚಿಮ ದಡದಲ್ಲಿ ಎನ್‌ಗೇದಿ ಅಂತ ಒಂದು ಓಯಸಿಸ್ ಇದೆ, ಅದರ ಹೆಸರು ಪದ್ಯದಲ್ಲೇ ಬರುತ್ತೆ, ಸುತ್ತ ಒಣಗಿದ ಬೋಳು ಬೆಟ್ಟ, ಮಧ್ಯೆ ನೀರಿನ ಬುಗ್ಗೆ ಹಸಿರು. ಅಂಥ ನೆಲದಲ್ಲಿ ಒಬ್ಬಳನ್ನ ನೀರಿರೋ ತೋಟ ಅಂದ್ರೆ ಅದು ಜೀವ ಉಳಿಸೋ ವಸ್ತುವಿಗೆ ಹೋಲಿಸಿದ ಹಾಗೆ. ಆದ್ರೆ ಅವನು ಹೇಳೋ ಗಿಡಗಳೆಲ್ಲಾ ಒಂದೇ ತೋಟದಲ್ಲಿ ಬೆಳೆಯೋವೇ ಅಲ್ಲ. ಜಟಾಮಾಂಸಿ ಹಿಮಾಲಯದ ಎತ್ತರದ ಗಿಡ, 3000 ಮೀಟರ್‌ಗಿಂತ ಮೇಲೆ ಬೆಳೆಯುತ್ತೆ, ನಮ್ಮ ಗ್ರಂಥಿಗೆ ಅಂಗಡಿಗಳಲ್ಲಿ ಈಗಲೂ ಸಿಗೋ ಅದೇ ಬೇರು. ಅಗರು ಅಸ್ಸಾಮಿನ ಕಡೆ ಮತ್ತು ಅದರಿಂದಾಚೆ ಪೂರ್ವದ ಕಾಡುಗಳ ಮರ. ಅಂದ್ರೆ ಭಾರತದ ಬೆಟ್ಟದ ಬೇರು ಕ್ಯಾರವಾನ್‌ಗಳ ಬೆನ್ನ ಮೇಲೆ, ಹಡಗಲ್ಲಿ, ಯೆರೂಸಲೇಮಿನವರೆಗೂ ಹೋಗಿ ಈ ಪದ್ಯದೊಳಗೆ ಸೇರ್ಕೊಂಡಿದೆ. ಅದು ಎಷ್ಟು ದುಬಾರಿ ಅಂತ ತಿಳೀಬೇಕಂದ್ರೆ ಮಾರ್ಕನ ಸುವಾರ್ತೆ ನೋಡಿ, ಒಬ್ಬ ಹೆಂಗಸು ಯೇಸುವಿನ ತಲೆ ಮೇಲೆ ಒಂದು ಭರಣಿ ಜಟಾಮಾಂಸಿ ತೈಲ ಸುರಿದಾಗ ಅಲ್ಲಿದ್ದವರು 300 ದಿನಾರಿಗೂ ಹೆಚ್ಚಿಗೆ ಮಾರಬಹುದಿತ್ತಲ್ಲ ಅಂತ ಗೊಣಗ್ತಾರೆ, ದಿನಾರಿ ಅಂದ್ರೆ ಕೂಲಿಯವನ ಒಂದು ದಿನದ ಸಂಬಳ. ಹೀಗಾಗಿ ಪದ್ಯದ ತೋಟ ಭೂಮಿ ಮೇಲೆ ಎಲ್ಲೂ ಇಲ್ಲದ ತೋಟ, ಪ್ರೀತಿಯಲ್ಲಿ ಬಿದ್ದವನ ಕಣ್ಣಿಗೆ ಮಾತ್ರ ಕಾಣೋದು.

ಈ ನಂಟನ್ನ ಇನ್ನೂ ಮುಂದಕ್ಕೆ ಎಳೆದವರೂ ಇದ್ದಾರೆ. ಹೀಬ್ರೂ ಭಾಷಾತಜ್ಞ ಹಾಯಿಮ್ ರಬಿನ್ 1973ರಲ್ಲಿ ಒಂದು ಲೇಖನ ಬರೆದು, ಪರಮಗೀತಕ್ಕೂ ತಮಿಳಿನ ಅಗಂ ಅನ್ನೋ ಹಳೆಯ ಪ್ರೇಮಪದ್ಯಗಳಿಗೂ ಸಂಬಂಧ ಇರಬಹುದು, ಹೆಣ್ಣಿನ ದನಿ, ವಿರಹ, ಪ್ರಕೃತಿಯ ಮೂಲಕ ಮನಸ್ಸು ಹೇಳೋ ರೀತಿ ಎರಡರಲ್ಲೂ ಇದೆ, ವ್ಯಾಪಾರದ ದಾರಿಯಲ್ಲಿ ಪದ್ಯನೂ ಹೋಗಿರಬಹುದು ಅಂದ್ರು. ಇದನ್ನ ಹೆಚ್ಚು ಜನ ಒಪ್ಪಿಲ್ಲ, ನನಗೂ ನಂಬಿಕೆ ಬರಲ್ಲ, ಯಾಕಂದ್ರೆ ಹತ್ತಿರದ ನೆಂಟರು ಪಕ್ಕದಲ್ಲೇ ಇದ್ದಾರೆ.

ಒಬ್ಬರು ಈಜಿಪ್ಟಿನವರು. ಕ್ರಿಸ್ತಪೂರ್ವ ಸುಮಾರು 1300ರಿಂದ 1100ರ ಒಳಗಿನ ಪ್ರೇಮಗೀತೆಗಳು ಪಪೈರಸ್ ಮೇಲೆ ಉಳ್ಕೊಂಡಿವೆ, ಒಂದು ಕಟ್ಟು ಬ್ರಿಟಿಷ್ ಮ್ಯೂಸಿಯಂನಲ್ಲಿದೆ, ಇನ್ನೊಂದು ಡಬ್ಲಿನ್‌ನಲ್ಲಿದೆ. ಅಲ್ಲಿ ಪ್ರೇಮಿಗಳು ಒಬ್ಬರನ್ನೊಬ್ಬರು ಅಣ್ಣ ತಂಗಿ ಅಂತ ಕರೀತಾರೆ, ಪ್ರೀತಿಯ ಕರೆ ಅದು ಅಷ್ಟೇ, ಪರಮಗೀತದಲ್ಲೂ ಅವನು ನನ್ನ ತಂಗಿ ನನ್ನ ವಧುವೇ ಅನ್ನೋದು ಇದೇ ರೂಢಿ. ಒಂದು ಹಾಡಲ್ಲಿ ಹುಡುಗ ಪ್ಲಾನ್ ಮಾಡ್ತಾನೆ, ನಾನು ಮನೇಲಿ ಮಲಗಿ ಕಾಯಿಲೆ ನಾಟಕ ಆಡ್ತೀನಿ, ಅಕ್ಕಪಕ್ಕದವರು ನೋಡೋಕೆ ಬರ್ತಾರೆ, ಅವರ ಜೊತೆ ಅವಳೂ ಬರ್ತಾಳೆ, ವೈದ್ಯರಿಗೆ ಗೊತ್ತಾಗದ ಕಾಯಿಲೆ ಅವಳಿಗೆ ಗೊತ್ತಾಗುತ್ತೆ, ಅಂತ. ಇನ್ನೊಬ್ಬರು ಅದಕ್ಕಿಂತ ಹಳಬರು, ಸುಮೇರಿಯದವರು, ಈಗಿನ ದಕ್ಷಿಣ ಇರಾಕ್. ಅಲ್ಲಿ ಇನಾನ್ನಾ ಅನ್ನೋ ದೇವತೆ, ದುಮುಜಿ ಅನ್ನೋ ಕುರುಬ, ಇವರಿಬ್ಬರ ಪ್ರಣಯದ ಹಾಡುಗಳು ಸುಮಾರು ನಾಲ್ಕು ಸಾವಿರ ವರ್ಷದ ಹಿಂದಿನವು, ಮಣ್ಣಿನ ಹಲಗೆ ಮೇಲೆ ಬರೆದವು. ಒಂದರಲ್ಲಿ ಹೊತ್ತಾಯ್ತು ಮನೆಗೆ ಬಿಡು, ಅಮ್ಮನಿಗೆ ಏನು ಸುಳ್ಳು ಹೇಳ್ಲಿ ಅಂತ ಇನಾನ್ನಾ ಕೇಳ್ತಾಳೆ, ಗೆಳತಿ ಜೊತೆ ಚೌಕದಲ್ಲಿ ಕುಣೀತಿದ್ದೆ ಅನ್ನು ಅಂತ ಅವನು ಹೇಳ್ಕೊಡ್ತಾನೆ. ದೇವತೆ, ಅಮ್ಮನಿಗೆ ಸುಳ್ಳು ಹೇಳೋ ಹುಡುಗಿ, ಎರಡೂ ಒಬ್ಬಳೇ, ಆ ಜನಕ್ಕೆ ಅದರಲ್ಲಿ ಏನೂ ಮುಜುಗರ ಇರಲಿಲ್ಲ. ಉರ್ ನಗರದ ರಾಜ ಶು-ಸಿನ್‌ಗೆ ಹೆಣ್ಣಿನ ದನಿಯಲ್ಲಿ ಬರೆದ ಒಂದು ಹಾಡು ಇಸ್ತಾಂಬುಲ್ ಮ್ಯೂಸಿಯಂನಲ್ಲಿದೆ, ಸಿಕ್ಕಿರೋ ಪ್ರೇಮಪದ್ಯಗಳಲ್ಲಿ ಅತಿ ಹಳೇದು ಅಂತ ಅದನ್ನ ಆಗಾಗ ಕರೀತಾರೆ. ಸುಮೇರಿಯದಲ್ಲಿ ದೇವತೆಯ ಕೂಟ ಅಂದ್ರೆ ಹೊಲ ಬೆಳೆಯೋದು, ಕುರಿ ಮರಿ ಹಾಕೋದು, ನಾಡು ತುಂಬಿರೋದು, ಹಾಗಾಗಿ ಅಲ್ಲಿ ಕಾಮ ಧರ್ಮದ ಹೊರಗೆ ಇರಲೇ ಇಲ್ಲ.

ಆದ್ರೆ ಯೆಹೂದ್ಯರ ದೇವರು ಬೇರೆ. ಅವನಿಗೆ ಹೆಂಡತಿ ಇಲ್ಲ, ಪ್ರಣಯದ ಕಥೆ ಇಲ್ಲ. ಸುತ್ತಲಿನ ದೇಶಗಳಲ್ಲಿ ದೇವದೇವತೆಯರು ಹಾಡ್ತಿದ್ದ ಭಾಷೆಯಲ್ಲಿ ಇಲ್ಲಿ ಇಬ್ಬರು ಮನುಷ್ಯರು ಹಾಡ್ತಾರೆ. ಅದು ಧರ್ಮಗ್ರಂಥ ಹೇಗಾಯ್ತು ಅಂದ್ರೆ, ಅದಕ್ಕೆ ಒಂದು ದಾರಿ ಮೊದಲೇ ಬಿದ್ದಿತ್ತು. ಪ್ರವಾದಿ ಹೋಶೇಯ, ಆಮೇಲೆ ಯೆರೆಮೀಯ, ಯೆಹೆಜ್ಕೇಲ, ಇವರೆಲ್ಲಾ ದೇವರು ಗಂಡ, ಇಸ್ರಾಯೇಲ್ ಜನ ಹೆಂಡತಿ ಅಂತ ಹೇಳಿದ್ರು, ಹೆಚ್ಚಾಗಿ ಹೆಂಡತಿ ಮೋಸ ಮಾಡಿದಳು ಅನ್ನೋ ಸಿಟ್ಟಿನಲ್ಲಿ. ಆ ಕಿವಿಯಲ್ಲಿ ಕೇಳಿದಾಗ ಪರಮಗೀತ ಆ ಮುರಿದ ಮದುವೆಗೆ ಉತ್ತರದ ಥರ ಕೇಳ್ಸಿರಬೇಕು. ಕ್ರಿಸ್ತಶಕ ಮೊದಲ ಎರಡು ಶತಮಾನದಲ್ಲಿ ಕೂಡ ಇದು ಪವಿತ್ರ ಗ್ರಂಥ ಹೌದೋ ಅಲ್ವೋ ಅಂತ ರಬ್ಬಿಗಳ, ಅಂದ್ರೆ ಯೆಹೂದ್ಯ ಧರ್ಮಗುರುಗಳ ಮಧ್ಯೆ ಚರ್ಚೆ ಇತ್ತು, ಮಿಶ್ನಾ ಅನ್ನೋ ಅವರ ಹಳೆಯ ಧರ್ಮನಿಯಮಗಳ ಸಂಗ್ರಹದಲ್ಲಿ ಅದರ ದಾಖಲೆ ಇದೆ. ಅಲ್ಲಿ ರಬ್ಬಿ ಅಕಿವ ಹೇಳೋ ಮಾತು: ಪರಮಗೀತವನ್ನ ಇಸ್ರಾಯೇಲಿಗೆ ಕೊಟ್ಟ ದಿನಕ್ಕೆ ಇಡೀ ಲೋಕವೇ ಸಮ ಅಲ್ಲ, ಎಲ್ಲಾ ಗ್ರಂಥಗಳೂ ಪವಿತ್ರ, ಪರಮಗೀತ ಮಾತ್ರ ಪವಿತ್ರಕ್ಕೆಲ್ಲಾ ಪವಿತ್ರ. ಅದೇ ಅಕಿವ ಇನ್ನೊಂದು ಕಡೆ, ಔತಣದ ಮನೆಗಳಲ್ಲಿ ಇದನ್ನ ಮಾಮೂಲಿ ಹಾಡಿನ ಥರ ಹಾಡೋರಿಗೆ ಪರಲೋಕದಲ್ಲಿ ಪಾಲಿಲ್ಲ ಅಂತಾನೆ. ಅಂದ್ರೆ ಜನ ಹಾಗೆ ಹಾಡ್ತಿದ್ರು! ಕುಡಿದು ಕೂತ ಔತಣದಲ್ಲೂ, ಪ್ರಾರ್ಥನೆ ಮಾಡೋ ಕಡೆನೂ, ಒಂದೇ ಪದ್ಯ ಓಡಾಡ್ತಿತ್ತು. ಇವತ್ತಿಗೂ ಯೆಹೂದ್ಯರು ಪಸ್ಕ ಹಬ್ಬದಲ್ಲಿ ಇದನ್ನ ಓದ್ತಾರೆ, ಕೆಲವು ಸಮುದಾಯಗಳು ಪ್ರತಿ ಶುಕ್ರವಾರ ಸಂಜೆ ಓದ್ತವೆ.

ಕ್ರೈಸ್ತರು ಇದನ್ನ ಕ್ರಿಸ್ತ ಮತ್ತು ಚರ್ಚು, ಕ್ರಿಸ್ತ ಮತ್ತು ಆತ್ಮ ಅಂತ ಓದಿದ್ರು. 3ನೇ ಶತಮಾನದಲ್ಲಿ ಒರಿಜೆನ್ ಅನ್ನೋ ಕ್ರೈಸ್ತ ಪಂಡಿತ ಇದರ ಮೇಲೆ ಹತ್ತು ಸಂಪುಟದ ವ್ಯಾಖ್ಯಾನ ಬರೆದ, ಇನ್ನೂ ದೇಹದ ಕಾಟದಿಂದ ಬಿಡುಗಡೆ ಆಗದವರು ಇದನ್ನ ಓದಬೇಡಿ ಅಂತ ಎಚ್ಚರಿಸಿ ಶುರು ಮಾಡಿದ. ಆ ಎಚ್ಚರಿಕೆನೇ ಹೇಳುತ್ತೆ, ಪದ್ಯದಲ್ಲಿ ಬೆಂಕಿ ಇದೆ ಅಂತ ಅವನಿಗೆ ಚೆನ್ನಾಗಿ ಗೊತ್ತಿತ್ತು. ಫ್ರಾನ್ಸಿನ ಕ್ಲೇರ್ವೋ ಮಠದ ಬರ್ನಾರ್ಡ್ 1135ರಲ್ಲಿ ತನ್ನ ಸನ್ಯಾಸಿಗಳಿಗೆ ಇದರ ಮೇಲೆ ಪ್ರವಚನ ಶುರು ಮಾಡಿ 1153ರಲ್ಲಿ ಸಾಯೋವರೆಗೂ ಬರೀತಾ ಹೋದ, 86 ಪ್ರವಚನ ಆಯ್ತು, ಮೂರನೇ ಅಧ್ಯಾಯದ ಬಾಗಿಲಿಗೆ ಬಂದು ನಿಂತ. ಮೊದಲ ಮುತ್ತಿನ ಸಾಲೊಂದರ ಮೇಲೇ ಪ್ರವಚನದ ಮೇಲೆ ಪ್ರವಚನ. ಹದಿನೆಂಟು ವರ್ಷ ಈ ಪದ್ಯದ ಸುತ್ತ ಸುತ್ತಿದ ಮನುಷ್ಯನಿಗೆ ಮುತ್ತು ಅಂದ್ರೆ ಬರೀ ಸಂಕೇತ ಅಂತ ಹೇಗೆ ಹೇಳೋದು? ದೇವರಿಗಾಗಿ ಹಾತೊರೆಯೋದು ಅಂದ್ರೇನು ಅಂತ ಮಠದ ಹುಡುಗರಿಗೆ ತಿಳಿಸೋಕೆ ಅವನಿಗೆ ಸಿಕ್ಕ ಅತಿ ಬಲವಾದ ಮಾತು ಅದು. ವಿಧೇಯತೆಯ ಭಾಷೆ, ಭಯದ ಭಾಷೆ, ಆಳು ಒಡೆಯನ ಭಾಷೆ ಅವನ ಹತ್ತಿರ ಬೇಕಾದಷ್ಟಿತ್ತು, ಅದ್ಯಾವುದೂ ಸಾಲದೇ ಇದನ್ನ ಹಿಡ್ಕೊಂಡ.

ಬೇರೆ ಥರ ಓದಿದವರಿಗೆ ಕಷ್ಟ ಬಂತು. ಇದು ಸೊಲೊಮೋನ ತನ್ನ ಈಜಿಪ್ಟಿನ ಹೆಂಡತಿಗೆ ಬರೆದ ಹಾಡು ಅಂದಿದ್ದ ಮಾಪ್ಸುವೆಸ್ಟಿಯದ ಬಿಷಪ್ ಥಿಯೊಡೋರ್‌ನನ್ನ ಸತ್ತು ಶತಮಾನ ದಾಟಿದ ಮೇಲೆ 553ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಸೇರಿದ ಬಿಷಪ್‌ಗಳ ಸಭೆ ಖಂಡಿಸ್ತು. 1544ರಲ್ಲಿ ಜಿನೀವಾದಲ್ಲಿ ಕ್ಯಾಸ್ಟೆಲಿಯೋ ಅನ್ನೋ ವಿದ್ವಾಂಸ ಇದು ಬರೀ ಶೃಂಗಾರ, ಪವಿತ್ರ ಗ್ರಂಥದಲ್ಲಿ ಇರಬಾರದು ಅಂದ, ಅಲ್ಲಿನ ಧರ್ಮಸುಧಾರಕ ಕ್ಯಾಲ್ವಿನ್ ಅವನಿಗೆ ಪಾದ್ರಿ ಕೆಲಸ ಸಿಗದ ಹಾಗೆ ಮಾಡಿದ. ಸ್ಪೇನಿನ ಕವಿ ಸನ್ಯಾಸಿ ಲೂಯಿಸ್ ದೆ ಲಿಯೋನ್ ಇದನ್ನ ಒಬ್ಬ ಸನ್ಯಾಸಿನಿಗೋಸ್ಕರ ಜನರ ಭಾಷೆಗೆ, ಸ್ಪ್ಯಾನಿಷ್‌ಗೆ ತಂದ, 1572ರಲ್ಲಿ ಇನ್‌ಕ್ವಿಸಿಷನ್, ಅಂದ್ರೆ ಧರ್ಮದ್ರೋಹ ವಿಚಾರಿಸೋ ಚರ್ಚಿನ ನ್ಯಾಯಾಲಯ, ಅವನನ್ನ ಹಿಡಿದಾಗ ಅವನ ಮೇಲಿದ್ದ ಆರೋಪಗಳಲ್ಲಿ ಅದೂ ಒಂದು, 1576ರ ಕೊನೆವರೆಗೂ ಜೈಲು. ಅವನು ಹೊರಗೆ ಬಂದ ಮರುವರ್ಷ ಅದೇ ದೇಶದ ತೊಲೇದೋದಲ್ಲಿ ಶಿಲುಬೆಯ ಯೋವಾನ್ನ ಅನ್ನೋ ಸಂತನನ್ನ ಅವನ ಸಂಘದವರೇ ಕತ್ತಲ ಕೋಣೆಗೆ ಹಾಕಿದ್ರು, ಅಲ್ಲಿ ಅವನು ನಲ್ಲನನ್ನ ಹುಡುಕ್ತಾ ಹೋಗೋ ಹೆಣ್ಣಿನ ದನಿಯಲ್ಲಿ ಪದ್ಯ ಕಟ್ಟಿದ, ಪರಮಗೀತದಿಂದಲೇ ಎದ್ದು ಬಂದ ಪದ್ಯ ಅದು. ಇದರ ಅನುವಾದಕ್ಕೆ ಒಬ್ಬ ಜೈಲಿಗೆ ಹೋದ, ಇನ್ನೊಬ್ಬನಿಗೆ ಜೈಲಲ್ಲಿ ಬಾಯಿಗೆ ಬಂದಿದ್ದೂ ಇದೇ.

ಕನ್ನಡದವರಿಗೆ ಇದು ತೀರಾ ಹೊಸದಾಗಬಾರದು. ಸಾವಿಲ್ಲದ ಕೇಡಿಲ್ಲದ ರೂಹಿಲ್ಲದ ಚೆಲುವಂಗೆ ನಾನೊಲಿದೆ ಅಂದ ಅಕ್ಕನನ್ನ ನಾವು ಶಾಲೆಯಲ್ಲೇ ಓದಿದ್ದೀವಿ, ಚಿಲಿಮಿಲಿ ಎಂದೋದುವ ಗಿಳಿಗಳಿರಾ ಅಂತ ಹಕ್ಕಿಗಳನ್ನ ಕೇಳ್ತಾ ಕಾಡಲ್ಲಿ ಅಲೆಯೋ ಅವಳ ಹುಡುಕಾಟ ನಮಗೆ ಗೊತ್ತು. ಒಂದು ವ್ಯತ್ಯಾಸ ಮಾತ್ರ ಮರೀಬಾರದು. ಅಕ್ಕನ ವಚನದಲ್ಲಿ ಚೆನ್ನಮಲ್ಲಿಕಾರ್ಜುನ ಅನ್ನೋ ಅಂಕಿತ ಇದೆ, ನಲ್ಲ ಯಾರು ಅಂತ ಅವಳೇ ಹೇಳ್ತಾಳೆ, ಹೇಳಿ ಉಳಿದ ಗಂಡಸರನ್ನೆಲ್ಲಾ ಸಾಯೋರು ಕೊಳೆಯೋರು ಅಂತ ಪಕ್ಕಕ್ಕಿಡ್ತಾಳೆ. ಪರಮಗೀತದ ನಲ್ಲ ಸಾಯೋ ಮನುಷ್ಯನೇ, ಅವನನ್ನ ದೇವರು ಮಾಡಿದ್ದು ಓದುಗರು. ಅಕ್ಕ ಮನುಷ್ಯರ ಪ್ರೀತಿಯ ಮಾತನ್ನ ತಗೊಂಡು ದೇವರ ಕಡೆ ಹೋದಳು, ಯೆಹೂದ್ಯ ಕ್ರೈಸ್ತ ಓದುಗರು ಮನುಷ್ಯರ ಪ್ರೇಮಪದ್ಯವನ್ನೇ ಹಾಗೇ ಎತ್ತಿ ದೇವರ ಮುಂದೆ ಇಟ್ಟರು. ಎರಡೂ ಕಡೆ ಆಸೆಯ ಒಂದು ಸಾಲನ್ನೂ ತಣ್ಣಗೆ ಮಾಡಲಿಲ್ಲ. ಅಕ್ಕನನ್ನ ಬರೀ ತತ್ವ ಅಂತ ಓದಿದ್ರೆ ಅವಳ ವಚನ ಹೇಗೆ ಸೊರಗುತ್ತೋ ಪರಮಗೀತನೂ ಹಾಗೇ ಸೊರಗುತ್ತೆ.

ಪದ್ಯಕ್ಕೆ ವಾಪಸ್ ಬಂದ್ರೆ, ಕೊನೆಯ ಅಧ್ಯಾಯದಲ್ಲಿ ಎರಡು ಜಾಗ ನನಗೆ ತುಂಬಾ ಮುಖ್ಯ. ಒಂದು ಎಲ್ಲರೂ ಹೇಳೋದು, ನನ್ನನ್ನ ನಿನ್ನ ಎದೆ ಮೇಲೆ ಮುದ್ರೆಯಾಗಿ ಇಟ್ಕೋ, ತೋಳಿನ ಮೇಲೆ ಮುದ್ರೆಯಾಗಿ ಇಟ್ಕೋ, ಪ್ರೀತಿ ಸಾವಿನಷ್ಟು ಬಲವಾದದ್ದು, ಎಷ್ಟು ನೀರು ಸುರಿದ್ರೂ ಅದು ಆರಲ್ಲ, ಮನೆಯ ಆಸ್ತಿಯನ್ನೆಲ್ಲಾ ಕೊಟ್ಟು ಪ್ರೀತಿ ಕೊಂಡ್ಕೊಳ್ತೀನಿ ಅಂದವನಿಗೆ ಸಿಗೋದು ತಿರಸ್ಕಾರ. ಸಾವಿನಷ್ಟು ಅಂತಾರೆ, ಸಾವಿಗಿಂತ ಅಂತ ಅನ್ನಲ್ಲ, ಆ ಸಂಯಮ ನನಗಿಷ್ಟ. ಇನ್ನೊಂದು ಯಾರೂ ಅಷ್ಟಾಗಿ ಎತ್ತದ ಭಾಗ. ಸೊಲೊಮೋನನಿಗೆ ಒಂದು ದ್ರಾಕ್ಷಿ ತೋಟ ಇತ್ತು, ಕಾಯೋರಿಗೆ ವಹಿಸಿದ್ದ, ಫಲಕ್ಕೆ ಒಬ್ಬೊಬ್ಬರೂ ಸಾವಿರ ಬೆಳ್ಳಿ ನಾಣ್ಯ ತರಬೇಕಿತ್ತು, ಸೊಲೊಮೋನನೇ ಆ ಸಾವಿರ ನೀನೇ ಇಟ್ಕೋ, ಕಾಯೋರಿಗೆ ಇನ್ನೂರು ಇರಲಿ, ನನ್ನ ತೋಟ ನನ್ನದು, ನನ್ನ ಮುಂದೇ ಇದೆ. ಸೊಲೊಮೋನ ಅಂದ್ರೆ ಬೈಬಲ್ ಪ್ರಕಾರ 700 ರಾಣಿಯರು 300 ಉಪಪತ್ನಿಯರ ಗಂಡ, ಒಟ್ಟು ಸಾವಿರ! ಈ ಮಾತು ಹೇಳ್ತಿರೋದು ಅವಳೋ ಅವನೋ ಅಂತ ವಿದ್ವಾಂಸರಲ್ಲಿ ಒಮ್ಮತ ಇಲ್ಲ, ಅವಳೇ ಅಂತ ನಾನು ಓದ್ತೀನಿ, ಯಾಕಂದ್ರೆ ಮೊದಲನೇ ಅಧ್ಯಾಯದಲ್ಲಿ ನನ್ನ ತೋಟ ನಾನು ಕಾಯಲಿಲ್ಲ ಅಂದವಳು ಅವಳೇ.

ಓದೋಕೆ ಮನಸ್ಸಿದ್ರೆ ಒಂದೆರಡು ಸಲಹೆ. ಹೀಬ್ರೂನಲ್ಲಿ ನೀನು ಅನ್ನೋದಕ್ಕೇ ಗಂಡಿಗೊಂದು ಹೆಣ್ಣಿಗೊಂದು ರೂಪ ಇದೆ, ಹಾಗಾಗಿ ಮೂಲದಲ್ಲಿ ಯಾರು ಯಾರಿಗೆ ಹೇಳ್ತಿದ್ದಾರೆ ಅಂತ ಬಹುಪಾಲು ಕಡೆ ತಿಳಿಯುತ್ತೆ, ಕನ್ನಡದಲ್ಲಿ ಅದು ಕಳೆದುಹೋಗುತ್ತೆ, ಗಲಿಬಿಲಿ ಆದ್ರೆ ನಿಮ್ಮ ತಪ್ಪಲ್ಲ. ಈಗಿನ ಬಹಳ ಅನುವಾದಗಳಲ್ಲಿ ನಲ್ಲ, ನಲ್ಲೆ ಅಂತ ಮಧ್ಯೆ ಮಧ್ಯೆ ಹಾಕಿರ್ತಾರೆ, ಅದು ಮೂಲದಲ್ಲಿಲ್ಲ, 4ನೇ ಶತಮಾನದ ಗ್ರೀಕ್ ಹಸ್ತಪ್ರತಿಯಲ್ಲೂ ಹಾಗೆ ಸೇರಿಸಿದ್ದು ಕಾಣುತ್ತೆ, ಸಹಾಯಕ್ಕೆ ಇರಲಿ ಆದ್ರೆ ಪೂರ್ತಿ ನಂಬಬೇಡಿ. ಕಥೆ ಹುಡುಕಬೇಡಿ, ಇದರಲ್ಲಿ ಮೊದಲು ಆಮೇಲೆ ಅನ್ನೋದು ಸರಿಯಾಗಿ ಕೂರಲ್ಲ. ಶುರು ಮಾಡೋಕೆ ಎರಡನೇ ಅಧ್ಯಾಯದ 8ರಿಂದ 14ರವರೆಗೆ ಚೆನ್ನ, ಚಳಿಗಾಲ ಕಳೀತು, ಮಳೆ ನಿಂತು ಹೋಯ್ತು, ಎದ್ದು ಬಾ ಅಂತ ಅವನು ಕಿಟಕಿಯಿಂದ ಕರೆಯೋ ಭಾಗ, ಅದನ್ನ ಜೋರಾಗಿ ಓದಿ, ಆಮೇಲೆ ಐದನೇ ಅಧ್ಯಾಯ, ಆಮೇಲೆ ಮೊದಲಿಂದ ಪೂರ್ತಿ. ವ್ಯಾಖ್ಯಾನಗಳನ್ನ ಅದಾದ ಮೇಲೆ ತೆಗೀರಿ.